ಆದರೆಯವರು ಮತ್ತು ಅಂಟಿದ ಪುಟ

ಅವರ ಬಾಯಿಂದ ‘ಆದರೆ’ ಎಂಬ ಮಾತು ಹೊರಡುವ ಮುನ್ನ ಅವರ ಎಡಗೈ ಹೊರಡುತ್ತಿತ್ತು. ಮೇಜಿನ ಮೇಲೆ ಬೋರಲು ಮಲಗಿದ್ದ ಆ ಕೈ ಮೆಲ್ಲನೆ ಎದ್ದು, ಅಂಗೈಯನ್ನು ಎದುರಿಗಿದ್ದವರ ಮುಖಕ್ಕೆ ಹಿಡಿದು, ನಾಲ್ಕು ದಾರಿ ಕೂಡುವಲ್ಲಿ ನಿಂತ ಪೊಲೀಸಿನವನ ಕೈಯಂತೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಆ ಕೈಯ ಮರೆಯಿಂದೆಂಬಂತೆ, ತಗ್ಗಿದ ದನಿಯಲ್ಲಿ, ಕೊನೆಯ ಅಕ್ಷರವನ್ನು ತುಸು ಎಳೆದುಕೊಂಡು, ಆ ಪದ ಬರುತ್ತಿತ್ತು. ಬಂದಿತೆಂದರೆ ಮುಗಿಯಿತು. ಅದಕ್ಕೆ ಮುಂಚೆ ಆಡಿದ ಒಳ್ಳೆಯ ಮಾತುಗಳೆಲ್ಲ, ಭಾಷೆ ಹದವಾಗಿದೆ, ವಸ್ತು ಹೊಸದು, ಲೇಖಕರಿಗೆ ಕಣ್ಣಿದೆ ಎಂಬವೆಲ್ಲ, ಹಲ್ಲು ಕೀಳುವ ವೈದ್ಯ ಇಕ್ಕಳ ಎತ್ತಿಕೊಳ್ಳುವ ಮುಂಚೆ ಕೇಳುವ ಕುಶಲಪ್ರಶ್ನೆಗಳಾಗಿಬಿಡುತ್ತಿದ್ದವು.

ಅವರು ಒಂದು ಪ್ರಕಾಶನ ಸಂಸ್ಥೆಯಲ್ಲಿ ಹಸ್ತಪ್ರತಿಗಳ ಓದುಗರಾಗಿದ್ದರು. ಬರೆಯುವವರು ಕಳಿಸಿದ್ದನ್ನು ಓದಿ, ಅಚ್ಚು ಹಾಕಬಹುದೇ ಬೇಡವೇ ಎಂದು ಒಂದು ಪುಟದ ಅಭಿಪ್ರಾಯ ಬರೆದುಕೊಡುವುದು ಅವರ ಕೆಲಸ. ಅಲ್ಲಿನ ಜವಾನನಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಅವರನ್ನು ಬೆನ್ನ ಹಿಂದೆ ‘ಆದರೆಯವರು’ ಎನ್ನುತ್ತಿದ್ದರು; ಬರುಬರುತ್ತ ಬೆನ್ನು ಮುಖ ಎಂಬ ಭೇದವೂ ಉಳಿಯಲಿಲ್ಲ. ಒಮ್ಮೆ ಯಾರೋ ಹೊಸಬರು ಫೋನು ಮಾಡಿ, ಅದೇ ನಿಜನಾಮವೆಂದು ತಿಳಿದು, “ಆದರೆಯವರು ಇದಾರಾ?” ಎಂದು ಕೇಳಿದರಂತೆ. ಇವರು ಶಾಂತವಾಗಿ, “ಇದಾರೆ. ಆದರೆ ಕೆಲಸದಲ್ಲಿದಾರೆ,” ಎಂದು ಫೋನು ಇಟ್ಟರಂತೆ.

ಕೋಟು ಒಂದೇ. ಬೂದಿಬಣ್ಣದ್ದೋ, ಬೂದಿಯಾಗುತ್ತ ಬಂದ ಕಪ್ಪೋ, ಅವರ ಹೆಂಡತಿಗೂ ಖಾತ್ರಿಯಿರಲಿಲ್ಲ. ಅದರ ಬಲಜೇಬಿನಲ್ಲಿ ರಬ್ಬರು, ಮೊಂಡು ಪೆನ್ಸಿಲುಗಳು, ಅವನ್ನು ಹೆರೆಯುವ ಚಾಕು ಸದಾ ಇರುತ್ತಿದ್ದುದರಿಂದ ಕೋಟು ಬಲಕ್ಕೆ ವಾಲಿ, ಕೋಟಿನೊಳಗಿನ ಮನುಷ್ಯನೂ ಬಲಕ್ಕೆ ವಾಲಿ, ನೆಟ್ಟಗಿನ ರಸ್ತೆಯಲ್ಲೂ ಅವರು ಯಾವುದೋ ಮೂಲೆಯಲ್ಲಿ ತಿರುಗುತ್ತಿರುವಂತೆ ಕಾಣುತ್ತಿದ್ದರು. ನಡಿಗೆಯೂ ಓದಿನದೇ. ಕೆಲವು ಹೆಜ್ಜೆ ಸರಸರ, ಅಲ್ಲೊಂದು ಅಲ್ಪವಿರಾಮ. ಮತ್ತೆ ಕೆಲವು ಹೆಜ್ಜೆ, ಜನ ತುಂಬಿದ ಕಾಲುದಾರಿಯ ನಟ್ಟನಡುವೆಯೇ ಪೂರ್ಣವಿರಾಮ. ಹಿಂದಿನಿಂದ ಬಂದು ಡಿಕ್ಕಿ ಹೊಡೆದವರು ಬೈದರೆ, “ಕ್ಷಮಿಸಿ, ವಾಕ್ಯ ಮುಗೀತು, ಅದಕ್ಕೆ ನಿಂತೆ,” ಎನ್ನುವರು. ಹೆಬ್ಬೆರಳನ್ನು ನಾಲಗೆಗೆ ತಾಗಿಸಿಕೊಳ್ಳದೆ ಪುಟ ತಿರುವುವುದಿರಲಿ, ಬಾಗಿಲನ್ನೂ ತೆರೆದವರಲ್ಲ.

ಇಷ್ಟೇ ಆಗಿದ್ದರೆ ಅವರು ನಗೆಪಾಟಲಿನ ವಸ್ತು ಮಾತ್ರ ಆಗಿರುತ್ತಿದ್ದರು. ಅವರನ್ನು ಕಂಡರೆ ಬರೆಯುವವರಿಗೆ ಭಯವಿತ್ತು, ಸಿಟ್ಟಿತ್ತು, ಹಗೆ ಇರಲಿಲ್ಲ. ಕಾರಣ ಇಷ್ಟೆ: ಕೊನೆಯ ಪುಟದ ಕೊನೆಯ ಸಾಲು ಮುಟ್ಟದೆ ಅವರು ಯಾವುದನ್ನೂ ಬೇಡ ಎಂದವರಲ್ಲ. ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಅಭಿಪ್ರಾಯದ ತುದಿಯಲ್ಲಿ ಆ ಕೊನೆಯ ಪುಟದ ಮಾತೊಂದನ್ನು ಎತ್ತಿ ಬರೆಯುತ್ತಿದ್ದರು. ಬರೆಯುವವರ ಕಸುಬಿನಲ್ಲಿ ಒಂದು ಹಳೆಯ ಕಳ್ಳಾಟವಿದೆ. ಹಸ್ತಪ್ರತಿ ಕಳಿಸುವ ಮುಂಚೆ ನಡುವಿನಲ್ಲೆಲ್ಲೋ ಎರಡು ಹಾಳೆಗಳ ಮುಖಕ್ಕೆ ಮುಖ ಸೇರಿಸಿ ಒಂದು ತೊಟ್ಟು ಗೋಂದು ಹಚ್ಚಿಬಿಡುವುದು. ಕಟ್ಟು ವಾಪಸು ಬಂದಾಗ ಅವು ಅಂಟಿಕೊಂಡೇ ಇದ್ದರೆ, ಅಗೋ ನೋಡಿ, ಓದದೆಯೇ ತಳ್ಳಿದ್ದಾರೆ ಎಂದು ಊರೆಲ್ಲ ಡಂಗುರ ಹೊಡೆಯುವುದು. ಆದರೆಯವರ ಬಳಿ ಈ ಆಟ ನಡೆಯಲಿಲ್ಲ. ಅವರು ಚಾಕುವಿನ ಮೊಂಡು ಬೆನ್ನನ್ನು ಹಾಳೆಗಳ ನಡುವೆ ಆಡಿಸಿ, ಒಂದು ಅಕ್ಷರವೂ ಕೀಳದಂತೆ ಬಿಡಿಸಿ, ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ‘ಬಿಡಿಸಿ ಓದಿದೆ’ ಎಂದು ಸಣ್ಣಗೆ ಬರೆಯುತ್ತಿದ್ದರು. ಜಗಳಕ್ಕೆಂದೇ ತೋಳೇರಿಸಿ ಹೊರಟ ಒಬ್ಬ ಕಾದಂಬರಿಕಾರ ಮೆಟ್ಟಿಲ ಮೇಲೆ ನಿಂತು ಕಟ್ಟು ಬಿಚ್ಚಿ, ಆ ಎರಡು ಪದ ಕಂಡು, ತೋಳಿಳಿಸಿಕೊಂಡು ಮನೆಗೆ ಹೋದದ್ದನ್ನು ಕಂಡವರಿದ್ದಾರೆ.

ನನ್ನ ಅಂಕಣಗಳ ಕಟ್ಟೂ ಅವರ ಮೇಜಿಗೆ ಹೋಗಿ ಬಂದದ್ದೇ. “ಕೋಪ ನಿಜವಾದದ್ದು. ಆದರೆ ಕೊನೆಯ ಅಂಕಣದ ಹೊತ್ತಿಗೆ ಲೇಖಕರಿಗೆ ತಮ್ಮ ಕೋಪದ ಮೇಲೇ ಪ್ರೀತಿ ಹುಟ್ಟಿದೆ,” ಎಂದು ಬರೆದಿದ್ದರು. ಅವತ್ತು ಹಲ್ಲು ಕಡಿದೆ. ಇವತ್ತಿಗೂ ಪೆನ್ನು ಎತ್ತಿದರೆ ಆ ಎಡಗೈ ಕಣ್ಣ ಮುಂದೆ ಏಳುತ್ತದೆ.

ಇಂಥವರು ನಿವೃತ್ತರಾದ ಮೇಲೆ ಒಂದು ಪುಸ್ತಕ ಬರೆದರು. ಜೀವಮಾನವೆಲ್ಲ ಬಾಗಿಲು ಕಾದವರು, ಮುದಿತನದಲ್ಲಿ ಕೈಯಲ್ಲೊಂದು ಗಂಟು ಹಿಡಿದುಕೊಂಡು ಅದೇ ಬಾಗಿಲ ಹೊರಗೆ ಬಂದು ನಿಂತರು.

ಪುಸ್ತಕ ಅವರ ಅಕ್ಕನ ಮೇಲೆ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಆ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಂಬರು ಒತ್ತಿದರೆ ತಾನಾಗಿ ಗಂಟೆ ಬಾರಿಸುವ ಯಂತ್ರ ಬರುವುದಕ್ಕೆ ಮುಂಚಿನ ಕಾಲ. ಯಾರು ಯಾರೊಡನೆ ಮಾತಾಡಬೇಕಾದರೂ ಅವರ ಬೆರಳುಗಳು ಒಂದು ತೂತಿನ ತಂತಿಯನ್ನು ಕಿತ್ತು ಇನ್ನೊಂದು ತೂತಿಗೆ ಸಿಕ್ಕಿಸಬೇಕಾಗಿತ್ತು. ವರ್ಷಗಟ್ಟಲೆ ಹೆಡ್‌ಫೋನು ಒತ್ತಿ ಒತ್ತಿ ಬಲಗಿವಿ ಕೈಕೊಟ್ಟಿತ್ತು. ಈಗ ಪಕ್ಕದ ಬೀದಿಯ ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದುಕೊಂಡು, ದಿನಾ ಬೆಳಗ್ಗೆ ಎಡಗಿವಿಗೆ ಫೋನು ಹಿಡಿದು ತಮ್ಮನನ್ನು ವಿಚಾರಿಸಿಕೊಳ್ಳುತ್ತಿದ್ದರು.

“ಏನೋ, ನನ್ನ ಪುಸ್ತಕ ಎಲ್ಲಿಗೆ ಬಂತು?”

“ತಿದ್ತಾ ಇದೀನಕ್ಕ.”

“ನನ್ನನ್ನಾ? ತಿದ್ದು, ತಿದ್ದು. ನಾನು ನಿನ್ನ ತಿದ್ದಿದ್ದಕ್ಕೆ ಸೇಡು.”

“ಬಂದು ಒಂದ್ಸಲ ಓದಿ ನೋಡಬಾರದಾ?”

“ಅಚ್ಚಾಗಿ ಬರಲಿ, ಓದ್ತೀನಿ. ಪರವೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೋರು ಸುಮ್ನೆ ಕಾಯ್ಬೇಕು ಕಣೋ, ನಡುನಡುವೆ ಬಂದು ಇಣುಕಬಾರದು. ಆದ್ರೆ ಜಾಸ್ತಿ ಕಾಯಿಸಬೇಡ. ಕಿವಿ ಒಂದು ಹೋಗಿದೆ, ಕಣ್ಣೂ ಹೊರಡೋ ಸನ್ನಾಹದಲ್ಲಿದೆ.”

ನಗುತ್ತಲೇ ಹೇಳುವ ಆ ಮಾತು ತಮ್ಮನಿಗೆ ನಾಟಿತ್ತು. ಅಕ್ಕನ ಕಣ್ಣು ಹೊರಡುವ ಮುಂಚೆ ಪುಸ್ತಕ ಬರಬೇಕು. ಇನ್ನೊಂದು ಮಾತನ್ನೂ ಆಕೆ ಆಗಾಗ ಎಸೆಯುತ್ತಿದ್ದರು: “ನಾನು ಜೀವಮಾನ ಎಲ್ಲಾ ಜನಕ್ಕೆ ಲೈನ್ ಕೊಟ್ಟೆ, ನೀನು ಜೀವಮಾನ ಎಲ್ಲಾ ಕತ್ತರಿಸಿದೆ. ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದೋರು ಅಂದ್ರೆ ಯಾರಪ್ಪ ನಂಬ್ತಾರೆ?”

ಹಸ್ತಪ್ರತಿಯನ್ನು ಅವರು ಸಿದ್ಧಮಾಡಿದ ಪರಿಯನ್ನು ನೋಡಬೇಕಿತ್ತು. ಹಿಂದೆ ಅವರೇ ಬರೆದು ಸಂಸ್ಥೆಯ ಗೋಡೆಗೆ ತೂಗುಹಾಕಿಸಿದ್ದ ಸೂಚನೆಗಳಿದ್ದವು: ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯತಕ್ಕದ್ದು, ಅಂಚು ಧಾರಾಳವಾಗಿ ಬಿಡತಕ್ಕದ್ದು, ಭಾವಚಿತ್ರ ಲಗತ್ತಿಸಬಾರದು, ರೇಷ್ಮೆ ದಾರ ಕಟ್ಟಬಾರದು, ಲೇಖಕರ ಹೆಸರು ಓದುವವರ ಕಣ್ಣಿಗೆ ಬೀಳದಂತೆ ಬೇರೆ ಲಕೋಟೆಯಲ್ಲಿಟ್ಟು ಕಟ್ಟಿನ ತಳದಲ್ಲಿ ಇಡತಕ್ಕದ್ದು. ಈ ಕೊನೆಯದನ್ನು ಲೋಕದಲ್ಲಿ ಯಾರೂ ಪಾಲಿಸಿರಲಿಲ್ಲ. ಹೆಸರು ಮುಚ್ಚಿಡುವುದಕ್ಕೆಂದು ಪುಸ್ತಕ ಬರೆಯುವವರು ಯಾರಿದ್ದಾರೆ? ಪಾಲಿಸಿದವರು ಅವರೊಬ್ಬರೇ. ಹಳೆಯ ಋಣ, ಹಳೆಯ ಸಲುಗೆ ಯಾವುದನ್ನೂ ತೂಕಕ್ಕೆ ಹಾಕಬಾರದೆಂಬ ಹಟ. ತಮ್ಮ ಸಂಸ್ಥೆಗೇ ಕಳಿಸಿದರು, ಆದರೆ ಯಜಮಾನರಿಗೆ ಒಂದು ಮಾತೂ ಹೇಳದೆ, ಎಲ್ಲರಂತೆ ಮುಂಬಾಗಿಲ ಟಪಾಲು ಬುಟ್ಟಿಯ ಮೂಲಕ.

ತೊಡಕಾದದ್ದು ಹೊಸ ಸೂಚನೆಯಿಂದ. ಹಳೆಯ ಯಜಮಾನರು ಹೋಗಿ ಮಗ ಬಂದಿದ್ದ. ಅವನು ಹಸ್ತಪ್ರತಿಯ ಜೊತೆ ಒಂದು ‘ಪರಿಚಯ ಪುಟ’ ಇರಲೇಬೇಕೆಂದು ವಿಧಿಸಿದ್ದ. ಈ ಪುಸ್ತಕವನ್ನು ನಾವೇಕೆ ಪ್ರಕಟಿಸಬೇಕು? ಯಾರು ಕೊಳ್ಳುತ್ತಾರೆ? ಯಾವ ಗಣ್ಯರು ನಾಲ್ಕು ಒಳ್ಳೆಯ ಮಾತು ಬರೆದುಕೊಡುತ್ತಾರೆ? ಸಾಮಾಜಿಕ ಜಾಲತಾಣದಲ್ಲಿ ತಮ್ಮನ್ನು ಎಷ್ಟು ಜನ ಹಿಂಬಾಲಿಸುತ್ತಾರೆ? ಓದುಗರೇ, ನೀವೇ ನೋಡಿ. ಅಕ್ಕಿ ಕೊಳ್ಳುವವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡುತ್ತಾನೆ; ಪುಸ್ತಕ ಕೊಳ್ಳುವವನು ಮಾತ್ರ ಚೀಲದ ಮೇಲಿನ ಚಿತ್ರ ನೋಡಿ ದರ ಕಟ್ಟುತ್ತಾನೆ. ಬರೆಯಬಲ್ಲವನಿಗೆ ತನ್ನನ್ನು ಹೊಗಳಿಕೊಳ್ಳಲು ಬರುವುದಿಲ್ಲ, ಹೊಗಳಿಕೊಳ್ಳಬಲ್ಲವನು ಬರೆಯಬೇಕಾದ ಅಗತ್ಯವೇ ಇಲ್ಲ. ಹೀಗಿರುವಾಗ ಈ ಒಂದು ಪುಟದ ಜರಡಿಯಲ್ಲಿ ಉಳಿಯುವುದೇನು, ಉದುರುವುದೇನು ಎಂದು ಆ ಮಹಾಶಯ ಒಂದು ದಿನವಾದರೂ ಯೋಚಿಸಿದ್ದನೇ?

ಇರಲಿ. ಆದರೆಯವರಿಗೆ ಸಿಟ್ಟು ಬರಲಿಲ್ಲ. ಕೇಳಿದ್ದಾರೆ, ಬರೆಯಬೇಕು ಎಂದು ಕೂತರು. ‘ಯಾರು ಕೊಳ್ಳುತ್ತಾರೆ’ ಎಂಬಲ್ಲಿ ‘ಹೇಳಲಾಗದು’ ಎಂದು ಬರೆದರು. ‘ಎಷ್ಟು ಜನ ಹಿಂಬಾಲಿಸುತ್ತಾರೆ’ ಎಂಬಲ್ಲಿ ಬಹಳ ಹೊತ್ತು ಯೋಚಿಸಿ, ‘ರಸ್ತೆಯಲ್ಲಿ ನಡೆಯುವಾಗ ಕೆಲವರು, ಅವರಿಗೂ ತೊಂದರೆಯಾಗಿದೆ’ ಎಂದು ಬರೆದರು. ಆಮೇಲೆ, ಇವೆರಡೂ ಪುಸ್ತಕದ ಮಾತಲ್ಲವೆಂದು ರಬ್ಬರಿನಿಂದ ಅಳಿಸಿಬಿಟ್ಟರು. ಇನ್ನು ಪುಸ್ತಕದ ಬಗ್ಗೆ. ಪೆನ್ಸಿಲು ಹೆರೆದುಕೊಂಡು ಹಾಳೆಗೆ ಬಾಗಿದ್ದೇ ತಡ, ಅಷ್ಟು ವರ್ಷ ಒಂದೇ ಹಾದಿಯಲ್ಲಿ ಉತ್ತ ಎತ್ತಿನಂತೆ ಕೈ ತಾನೇ ನಡೆಯಿತು:

‘ಲೇಖಕರಿಗೆ ವಿಷಯ ಹತ್ತಿರದಿಂದ ಗೊತ್ತಿದೆ. ಆದರೆ ಹತ್ತಿರದಿಂದ ನೋಡಿದ್ದರಿಂದಲೇ ಹಲವು ಕಡೆ ಕಣ್ಣು ಮಂಜಾಗಿದೆ. ಆರಂಭ ನಿಧಾನ. ನಡುವೆ ದೂರವಾಣಿಯ ಚರಿತ್ರೆ ಅನಗತ್ಯ ಉದ್ದ. ಪ್ರಕಟಣೆಗೆ ಅವಸರವಿಲ್ಲ.’

ಕೆಳಗೆ, ಎಂದಿನ ಎಡಮೂಲೆಯಲ್ಲಿ, ಎಂದಿನ ಸಹಿ.

ಅವರ ಹೆಂಡತಿ ಅದನ್ನು ಓದಿದರು. ಔಷಧದ ಅಂಗಡಿಯಲ್ಲಿ ದುಡಿದು ಬಂದ ಹೆಂಗಸು. ಶೀಸೆಯ ಮೇಲಿನ ಚೀಟಿ ಓದದೆ ಏನನ್ನೂ ನುಂಗಬಾರದೆಂಬುದು ಅವರ ಧರ್ಮ.

“ಇದೇನ್ರೀ ಇದು? ಅಂಗಡಿ ತೆರೆದು ಕೂತು, ‘ನಮ್ಮಲ್ಲಿ ಸಾಮಾನು ಹುಳುಕು’ ಅಂತ ಬೋರ್ಡು ಹಾಕಿದ ಹಾಗಿದೆ!”

“ಇರೋದು ಬರೆದಿದೀನಿ.”

“ಒಳ್ಳೇದೂ ಇದೆಯಲ್ಲ?”

“ಅದನ್ನ ಓದಿದೋರು ಹೇಳ್ಬೇಕು.”

“ಓದಿದೋರು! ಓದ್ತಾರೆ ಅಂತ ನಿಮಗ್ಯಾರು ಹೇಳಿದ್ದು?”

ಓದುತ್ತಾರೆಯೇ ಎಂಬ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಹೆಂಡತಿ ಮಾತ್ರ, ಅವರು ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು, ಕಪಾಟಿನಿಂದ ತಮ್ಮ ಹಳೆಯ ಗೋಂದಿನ ಶೀಸೆ ತೆಗೆದರು.

ಕೆಲವು ವಾರಗಳ ಮೇಲೆ ಕಟ್ಟು ವಾಪಸು ಬಂತು. ಜೊತೆಗೊಂದು ಪತ್ರ: ‘ಮಾನ್ಯರೇ, ನಿವೃತ್ತಿಯ ನಂತರವೂ ಸಂಸ್ಥೆಯ ಮೇಲಿನ ಅಭಿಮಾನದಿಂದ ತಾವಾಗಿ ಕಳಿಸಿಕೊಟ್ಟ ಅಭಿಪ್ರಾಯಕ್ಕೆ ಕೃತಜ್ಞರು. ತಾವು ಸೂಚಿಸಿದಂತೆ ಈ ಹಸ್ತಪ್ರತಿಯನ್ನು ಕೈಬಿಡಲಾಗಿದೆ. ಲೇಖಕರ ವಿಳಾಸ ನಮ್ಮಲ್ಲಿ ಇಲ್ಲವಾದ್ದರಿಂದ, ದಯಮಾಡಿ ತಾವೇ ಅವರಿಗೆ ತಿಳಿಸುವುದು.’

ಅವರು ಎರಡು ಸಲ ಓದಿದರು. ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂತರು. ಹೆಂಡತಿ ಪತ್ರವನ್ನು ಕೈಗೆ ತೆಗೆದುಕೊಂಡು, ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಲೇಖಕರಿಗೆ ತಿಳಿಸಿದ್ರಾ?”

“ತಿಳಿಸಿದೆ.”

“ಏನಂದ್ರು?”

“ಬೇಜಾರು ಮಾಡ್ಕೊಂಡ್ರು.”

“ನಾಲ್ಕು ಸಮಾಧಾನದ ಮಾತು ಹೇಳಬೇಕಿತ್ತು ಪಾಪ.”

“ಹೇಳಿದೆ. ಅವರಿಗೆ ನನ್ನ ಸ್ವಭಾವ ಗೊತ್ತು.”

ಇಬ್ಬರೂ ನಕ್ಕರು. ಅಲ್ಲಿಗೆ ಮುಗಿಯಬಹುದಾಗಿತ್ತು. ಬೇಡ ಎನ್ನಿಸಿಕೊಳ್ಳುವುದಕ್ಕೆ ಅವರು ಹೆದರಿದವರಲ್ಲ. ತಾವು ಮಾಡಿದ ಅಡುಗೆಯನ್ನು ತಾವೇ ಉಣ್ಣಬೇಕಾಗಿ ಬಂದಾಗ ಉಪ್ಪು ಜಾಸ್ತಿಯಾಯಿತೆಂದು ಗೊಣಗುವ ಜಾಯಮಾನವೂ ಅಲ್ಲ. ಆದರೆ ಹೆಂಡತಿ, “ಒಳಗೊಂದ್ಸಲ ನೋಡಿ,” ಎಂದರು. ದನಿಯಲ್ಲಿ ಈಗ ನಗು ಇರಲಿಲ್ಲ. ಅವರು ಹೆಬ್ಬೆರಳು ಒದ್ದೆ ಮಾಡಿಕೊಂಡು ತಿರುವುತ್ತ ಹೋದರು. ಕೊನೆಯ ಅಧ್ಯಾಯದ ನಡುವೆ ಬೆರಳು ನಿಂತಿತು. ಎರಡು ಹಾಳೆಗಳು ಒಂದಾಗಿ ದಪ್ಪಗೆ ಎದ್ದವು.

ಅಂಟಿದ ಹಾಳೆಗಳನ್ನು ಅವರಷ್ಟು ಕಂಡವರು ಭೂಮಿಯ ಮೇಲೆ ಯಾರೂ ಇರಲಾರರು. ಆ ಸಲ ಮಾತ್ರ ಕೈ ಚಾಕುವಿಗೆ ಹೋಗಲಿಲ್ಲ. ಬಹಳ ಹೊತ್ತು ಆ ಅಂಚನ್ನು ಸವರುತ್ತ ಕೂತಿದ್ದು, “ಲಕೋಟೆಯನ್ನೂ ಒಡೆದಿಲ್ಲ,” ಎಂದರು. “ಬೇಡ ಅನ್ನೋದಕ್ಕಾದರೂ ತೆರೆದು ನೋಡಬೇಕಿತ್ತು.”

ಮರುದಿನ ಅದೇ ಕೋಟು ಹಾಕಿಕೊಂಡು, ಕಟ್ಟು ಕಂಕುಳಲ್ಲಿಟ್ಟುಕೊಂಡು ಸಂಸ್ಥೆಗೆ ಹೋದರು. ಅವರು ಕೂರುತ್ತಿದ್ದ ಕಿಟಕಿಯ ಪಕ್ಕದ ಮೇಜು ಅಲ್ಲೇ ಇತ್ತು. ಸುತ್ತ ಗಾಜಿನ ಗೋಡೆ ಬಂದಿತ್ತು. ಗಾಜಿನೊಳಗೆ ಯುವ ಸಂಪಾದಕಿಯೊಬ್ಬಳು, ಮುಡಿಗೆ ಅಡ್ಡಲಾಗಿ ಪೆನ್ಸಿಲು ಸಿಕ್ಕಿಸಿಕೊಂಡು ಕೂತಿದ್ದಳು. ಜಗಳದ ಮಾತುಗಳನ್ನು ಅವರು ದಾರಿಯುದ್ದಕ್ಕೂ ತಿದ್ದಿಕೊಂಡು ಬಂದಿದ್ದರಂತೆ. ಆ ಪೆನ್ಸಿಲು ಕಂಡು ಅರ್ಧ ಮರೆತರಂತೆ.

“ಅಯ್ಯೋ ಸರ್, ನೀವೇ ಬರೋದಾ! ಒಂದು ಫೋನ್ ಮಾಡಿದ್ರೆ ಆಗ್ತಿತ್ತು.”

“ಈ ಹಸ್ತಪ್ರತಿ ವಾಪಸ್ ಬಂತಲ್ಲಮ್ಮ, ಅದರ ವಿಷಯ.”

“ಹೌದು ಸರ್, ನೀವೇ ಬೇಡ ಅಂದಿದ್ರಲ್ಲ. ಯಾಕೆ, ಲೇಖಕರು ಜಗಳಕ್ಕೆ ಬಂದ್ರಾ?”

“ಬಂದಿದಾರೆ.”

“ಎಲ್ಲಿ?”

“ನಿಮ್ಮೆದುರಿಗೆ ಕೂತಿದಾರೆ.”

ಅವಳ ಮುಖದಲ್ಲಿ ರಕ್ತ ಇಳಿಯಿತು, ಏರಿತು. ಅವರು ಕಟ್ಟು ಬಿಚ್ಚಿ, ಅಂಟಿದ ಹಾಳೆಗಳನ್ನು ಅವಳ ಮುಂದೆ ಸರಿಸಿದರು. ಅವಳಿಗೆ ಅರ್ಥವಾಗಲು ಕ್ಷಣವೂ ಹಿಡಿಯಲಿಲ್ಲ.

“ನಂಗೆ ಓದೋಕೆ ಹೇಳಿರೋದು ಪರಿಚಯದ ಪುಟ ಒಂದೇ, ಸರ್. ಮಿಕ್ಕಿದ್ದು ಆಮೇಲೆ ಅಂತಾರೆ ಯಜಮಾನರು. ಆ ಆಮೇಲೆ ಬರೋದೇ ಇಲ್ಲ.” ಗೋಡೆಗೆ ಒರಗಿಸಿದ ಕಟ್ಟುಗಳ ರಾಶಿಯತ್ತ ಕೈ ಮಾಡಿದಳು. ಸೊಂಟದೆತ್ತರದ ರಾಶಿ. ಯಾರಯಾರದೋ ವರ್ಷಗಳು, ಯಾರಯಾರದೋ ಅಕ್ಕಂದಿರು, ದಾರ ಬಿಚ್ಚದೆ ಬಿದ್ದಿದ್ದರು. “ನಾನೇನು ಓದೋಕಾಗದೆ ಈ ಕೆಲಸಕ್ಕೆ ಬಂದೋಳಲ್ಲ ಸರ್.”

ಆದರೆಯವರು ರಾಶಿಯನ್ನು ನೋಡಿದರು, ಅವಳನ್ನು ನೋಡಿದರು, ತಲೆಯಾಡಿಸಿದರು.

“ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ,” ಎಂದಳು ಅವಳು. “ಪುಟದ ತುಂಬ ತಪ್ಪುಗಳನ್ನೇ ಬರೆದಿದೀರಿ. ಇದರಲ್ಲಿ ಒಳ್ಳೇದು ಏನಿದೆ ಸರ್?”

ಎಡಗೈ ಎದ್ದಿತು. ಅಭ್ಯಾಸಬಲದಿಂದ ಎದ್ದ ಆ ಕೈಗೆ ತಡೆಯಲು ಎದುರಿಗೆ ಯಾವ ಹೊಗಳಿಕೆಯೂ ಇರಲಿಲ್ಲವಾಗಿ ಅದು ಗಾಳಿಯಲ್ಲೇ ಪೆಚ್ಚಾಗಿ ನಿಂತು, ಮತ್ತೆ ಮೇಜಿಗಿಳಿಯಿತು. ಆಮೇಲೆ, ಪುಸ್ತಕದ ಭಾಷೆಯಲ್ಲಲ್ಲ, ಮನೆಯ ಮಾತಿನಲ್ಲಿ, ಅವರು ಹೇಳತೊಡಗಿದರು.

“ಗಂಡ ಹೆಂಡತಿ ಇಬ್ಬರು. ಅವನೊಂದು ಊರಲ್ಲಿ, ಅವಳೊಂದು ಊರಲ್ಲಿ. ವಾರಕ್ಕೊಂದ್ಸಲ ಕಾಲ್ ಬುಕ್ ಮಾಡೋರು, ಅರ್ಧಕ್ಕೇ ಫೋನ್ ಕುಕ್ಕೋರು. ನಮ್ಮಕ್ಕ ಏನು ಮಾಡ್ತಿದ್ದಳು ಅಂದ್ರೆ, ಇಬ್ಬರಿಗೂ ತಾನೇ ರಿಂಗ್ ಕೊಟ್ಟು, ‘ನಿಮ್ಮ ಸಮಯ ಇನ್ನೂ ಬಾಕಿ ಇದೆ, ಮಾತಾಡಿ’ ಅಂತ ಮತ್ತೆ ಸೇರಿಸಿಬಿಡ್ತಿದ್ದಳು. ನಿಯಮದಲ್ಲಿ ಹಾಗೆ ಮಾಡೋ ಹಾಗಿಲ್ಲ.”

“ಅಂದ್ರೆ ಕದ್ದು ಕೇಳಿಸ್ಕೊಳ್ತಿದ್ರಾ?”

“ಛೆ! ಕೇಳಿಸ್ಕೊಂಡೋಳಲ್ಲ. ನಾನೂ ಅದನ್ನೇ ಕೇಳಿದೆ, ಜಗಳ ಅಂತ ಹೇಗೆ ಗೊತ್ತಾಯ್ತು ಅಂತ. ‘ದುಡ್ಡು ಕೊಟ್ಟೋರು ಟೈಮ್ ಮುಗಿಯೋ ಮುಂಚೆ ಫೋನ್ ಇಡಲ್ಲ ಕಣೋ. ಇಟ್ರು ಅಂದ್ರೆ ಜಗಳ’ ಅಂದಳು.”

ಅವಳು ನಕ್ಕಳು. ಮುಡಿಯಿಂದ ಪೆನ್ಸಿಲು ಕಿತ್ತುಕೊಂಡಳು. “ಕೊನೆಗೆ ಅವರಿಬ್ಬರೂ ಏನಾದ್ರು?”

“ಗೊತ್ತಿಲ್ಲ. ಅವಳು ಕೇಳಿಸ್ಕೊಳ್ತಿರಲಿಲ್ಲವಲ್ಲ.”

“ಈ ಕಟ್ಟು ಇಲ್ಲೇ ಬಿಟ್ಟು ಹೋಗಿ ಸರ್,” ಎಂದಳು ಸಂಪಾದಕಿ. “ಆಫೀಸಿಗಲ್ಲ. ನಂಗೆ.”

ಈ ಸಲ ಬಂದ ಅಭಿಪ್ರಾಯ ಒಂದು ಪುಟದ್ದಲ್ಲ. ದೂರವಾಣಿಯ ಚರಿತ್ರೆ ಪೂರ್ತಿ ತೆಗೆಯಬೇಕು. ನಡುವಿನ ಮೂರು ಅಧ್ಯಾಯಗಳಲ್ಲಿ ಅಕ್ಕ ಕಾಣಿಸುವುದೇ ಇಲ್ಲ, ತಮ್ಮ ಮಾತ್ರ ಕಾಣಿಸುತ್ತಾನೆ. ಲೇಖಕರಿಗೆ ಅಕ್ಕನ ಮೇಲೆ ಗೌರವ ಬಹಳ, ಆದರೆ ಗೌರವವೇ ಆಕೆಯ ಬಾಯಿ ಮುಚ್ಚಿಸಿದಂತಿದೆ. ಕೊನೆಯ ಪುಟದಲ್ಲಿ ಎಕ್ಸ್‌ಚೇಂಜಿನ ಬಾಗಿಲಿಗೆ ಬೀಗ ಹಾಕಿದ ಆಕೆ, ಬೀಗದಕೈ ಯಾರಿಗೆ ಕೊಡಬೇಕೆಂದು ತಿಳಿಯದೆ ನಿಲ್ಲುವುದು ಚೆನ್ನಾಗಿದೆ, ಆದರೆ ಅಲ್ಲಿಗೇ ನಿಲ್ಲಿಸದೆ ಇನ್ನೂ ಒಂದು ಪ್ಯಾರಾ ಉಪದೇಶ ಏಕೆ? ಹೀಗೆ ಒಂದಾದ ಮೇಲೊಂದು, ದಯಾದಾಕ್ಷಿಣ್ಯವಿಲ್ಲದೆ ಎತ್ತಿ ತೋರಿಸಿದ ತಪ್ಪುಗಳು. ಆದರೆಯವರು ಅದನ್ನು ಓದುತ್ತಿದ್ದಾಗ ಎದುರಿಗೆ ಕೂತಿದ್ದ ಹೆಂಡತಿ, ಮದುವೆಯಾದಾಗಿನಿಂದ ಆ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲವೆಂದು ಆಮೇಲೆ ದೂರು ಹೇಳಿದರು.

ತುದಿಯಲ್ಲಿ ಒಂದು ಪ್ರಶ್ನೆಯಿತ್ತು. ‘ಅಂಟಿದ ಹಾಳೆಗಳನ್ನು ಬಿಡಿಸಿದೆ. ನನಗೆ ತಮ್ಮಷ್ಟು ಕೈಚಳಕವಿಲ್ಲದ್ದರಿಂದ ಒಂದು ಸಾಲು ಗೋಂದಿನ ಜೊತೆ ಕಿತ್ತು ಹೋಯಿತು. ಯಂತ್ರ ಬಂದು ಎಕ್ಸ್‌ಚೇಂಜ್ ಮುಚ್ಚಿದ ದಿನ ಹೆಡ್‌ಫೋನು ತೆಗೆದಿಟ್ಟು ಅಕ್ಕ ಏನೋ ಹೇಳುತ್ತಾರೆ. ಅವರು ಹೇಳಿದ್ದೇನು? ದಯವಿಟ್ಟು ತಿಳಿಸಿ. ಅದನ್ನು ತಿಳಿಯದೆ ನಿದ್ದೆ ಬರುತ್ತಿಲ್ಲ.’

ಆ ಸಾಲು ಅವರಿಗೆ ಕಂಠಪಾಠ. ‘ಇಷ್ಟು ದಿನ ಲೋಕವು ನನ್ನ ಬೆರಳ ತುದಿಯಲ್ಲಿ ನುಡಿಯಿತು; ಇನ್ನು ಈ ಬೆರಳುಗಳು ಮೌನವ್ರತವನ್ನು ಹಿಡಿಯಲಿ.’ ಬರೆದು ಕಳಿಸಲು ಪೆನ್ಸಿಲು ಎತ್ತಿಕೊಂಡರು. ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ತಾವು ಬರೆದದ್ದೇನು ಎಂದು ಅವಳು ಕೇಳಿರಲಿಲ್ಲ, ಅಕ್ಕ ಹೇಳಿದ್ದೇನು ಎಂದು ಕೇಳಿದ್ದಳು. ಪೆನ್ಸಿಲು ಜೇಬಿಗಿಳಿಯಿತು. ಕೋಟು ಏರಿತು. ಪಕ್ಕದ ಬೀದಿಯ ಮಹಡಿ ಹತ್ತಿ, ಅಕ್ಕನ ಎಡಗಿವಿಗೆ ಬಾಯಿ ಹತ್ತಿರ ತಂದು ಆ ಸಾಲನ್ನು ಹೇಳಿದರು.

ಅಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ನಾನಾ? ಮೌನವ್ರತವಾ? ಅಯ್ಯೋ ನಿನ್ನ! ನಾನು ಅವತ್ತು ಹೇಳಿದ್ದು ಒಂದೇ ಮಾತು: ‘ನನ್ನ ಚಪ್ಪಲಿ ಯಾರೇ ಹಾಕ್ಕೊಂಡು ಹೋದೋರು?’ ಧೂಳು ಆಗಬಾರದು ಅಂತ ಹೊರಗಡೆ ಬಿಟ್ಟು ಒಳಗೆ ಹೋಗ್ತಿದ್ವಲ್ಲ. ಅವತ್ತು ಎಲ್ಲರೂ ಅತ್ಕೊಂಡು ಹೋದ್ರು, ಕಣ್ಣೀರಲ್ಲಿ ಯಾವಳೋ ನನ್ನ ಜೋಡು ಮೆಟ್ಕೊಂಡು ಹೋಗಿದ್ಲು. ಬರಿಗಾಲಲ್ಲಿ ಮನೆಗೆ ಬಂದೆ. ನೀನೇ ಅಲ್ವೇನೋ ಬಾಗಿಲು ತೆಗೆದಿದ್ದು? ಕಾಲಿಗೆ ಬಿಸಿನೀರು ಕಾಯಿಸಿ ಕೊಟ್ಟೆ. ಮರ್ತೇಬಿಟ್ಯಾ?”

ಮರೆತಿರಲಿಲ್ಲ, ಬಿಟ್ಟಿದ್ದರು. ಬಾಗಿಲಲ್ಲಿ ನಿಂತ ಅಕ್ಕ, ಕೈಯಲ್ಲಿ ಎಕ್ಸ್‌ಚೇಂಜಿನ ಬೀಗದಕೈ, ಪಾದಕ್ಕೆ ಮೆತ್ತಿದ ಬೀದಿಯ ಮಣ್ಣು, ಎಲ್ಲ ಕಣ್ಣ ಮುಂದೆ ಬಂತು. ಪುಸ್ತಕಕ್ಕೆ ಒಗ್ಗದೆಂದು ಚಪ್ಪಲಿಯನ್ನು ಹೊರಗೇ ಬಿಟ್ಟು, ಇತರರು ಬರೆದಿದ್ದರೆ ನೋಡಿದ ಕೂಡಲೆ ಕೆಂಪು ಗೆರೆ ಎಳೆಯುತ್ತಿದ್ದಂಥ ಮೌನವ್ರತವನ್ನು ಒಳಗೆ ಕರೆದು ಕೂರಿಸಿದ್ದರು. ತನ್ನ ಬೆನ್ನು ತನಗೆ ಕಾಣದು.

ಮನೆಗೆ ಬಂದು ಹೆಂಡತಿಯನ್ನು ಕೇಳಿದರು: “ಅಷ್ಟು ಹಾಳೆ ಇದ್ವಲ್ಲ, ಅವೆರಡಕ್ಕೇ ಯಾಕೆ ಗೋಂದು ಹಾಕ್ದೆ?”

ಹೆಂಡತಿ ಬಟ್ಟೆ ಮಡಿಸುತ್ತಲೇ ಹೇಳಿದರು: “ಅವೆರಡು ಯಾರೂ ಓದದೆ ಹೋದ್ರೂ ನಷ್ಟ ಇಲ್ಲ ಅನ್ನಿಸ್ತು.”

“ಮೊದಲೇ ಹೇಳಬಾರದಿತ್ತಾ?”

“ನೀವು ಕೇಳಿದ್ರಾ?”

ಮುಂದಿನ ತಿಂಗಳುಗಳು ಕತ್ತರಿಯ ಕೆಲಸದಲ್ಲಿ ಹೋದವು. ಚರಿತ್ರೆ ಹೋಯಿತು, ತಮ್ಮ ಹೋದ, ಉಪದೇಶ ಹೋಯಿತು. ಅಕ್ಕ ಬಂದು ಕೂತರು. ಪರಿಚಯ ಪುಟವನ್ನು ಹೊಸದಾಗಿ ಬರೆಯಬೇಕಾಯಿತು. ಈ ಸಲ ಅದರಲ್ಲಿದ್ದದ್ದು ಇಷ್ಟೆ: ‘ಈ ಪುಸ್ತಕದಲ್ಲಿ, ಕೆಲಸ ಕಳೆದುಕೊಂಡ ದಿನವೇ ಒಬ್ಬ ಹೆಂಗಸಿನ ಚಪ್ಪಲಿಯೂ ಕಳೆದುಹೋಗುತ್ತದೆ. ಆಕೆ ನನ್ನ ಅಕ್ಕ. ಆಕೆ ಜನರನ್ನು ಸೇರಿಸುತ್ತಿದ್ದಳು.’ ಕೆಳಗೆ, ಮೊದಲ ಸಲ, ಹೆಸರು.

ಒಂದು ಬೆಳಗ್ಗೆ ಸಂಪಾದಕಿಯ ಫೋನು ಬಂತು.

“ಸರ್, ಯಜಮಾನರು ಪುಟ ಓದಿ, ‘ಚಪ್ಪಲಿ ಸಿಕ್ತಾ?’ ಅಂತ ಕೇಳಿದ್ರು. ನಾನು ಹೇಳಲಿಲ್ಲ. ಕಟ್ಟು ಮನೆಗೆ ತಗೊಂಡು ಹೋಗಿ ಪೂರ್ತಿ ಓದಿದಾರೆ. ಪ್ರಕಟಿಸೋಣ ಅಂದಿದಾರೆ. ಆದರೆ...”

ಹೆಂಡತಿ ಕಂಡದ್ದನ್ನು ನನಗೆ ಹೇಳಿದ್ದಾರೆ. ಅವರ ಎಡಗೈ ಎಂದಿನಂತೆ ಮೇಲೆದ್ದಿತು. ಎದ್ದು, ಅರ್ಧದಲ್ಲಿ ಮೆಲ್ಲನೆ ಮಗುಚಿ, ಅಂಗೈ ಮೇಲಾಗಿ, ಏನನ್ನೋ ಇಸಿದುಕೊಳ್ಳುವ ಕೈಯಂತೆ ತೆರೆದು ನಿಂತಿತು.

“ಹೇಳಮ್ಮ,” ಎಂದರು ಆದರೆಯವರು. “ನಿಧಾನವಾಗಿ ಹೇಳು. ಪೆನ್ಸಿಲು ತಗೊಂಡಿದೀನಿ.”

ಲೋಕದಲ್ಲಿ ಬೇಡ ಎನ್ನುವವರಿಗೇನು ಬರ. ಕಣ್ಣೆತ್ತಿ ನೋಡದೆ ಬೇಡ ಎನ್ನುವ ಕಲೆಯಲ್ಲಿ ನಮ್ಮ ಕಾಲ ಪಳಗಿಬಿಟ್ಟಿದೆ, ಬೇಕು ಎನ್ನುವುದನ್ನೂ ಅದು ಹಾಗೆಯೇ ನೋಡದೆ ಹೇಳುತ್ತದೆ. ಇವರ ಕುಲ ಬೇರೆ. ಇವರು ಅಂಟಿದ್ದನ್ನು ಬಿಡಿಸಿ ಓದಿ, ಕೊನೆಯ ಸಾಲಿನವರೆಗೆ ಜೊತೆಗೆ ನಡೆದು ಬಂದು, ಆಮೇಲೆ ಕೈ ಅಡ್ಡ ಹಿಡಿಯುವವರು. ಅವರ ಕೈಯಿಂದ ಏಟು ತಿಂದ ನಾವೆಲ್ಲ ಅದನ್ನು ಕ್ರೌರ್ಯವೆಂದುಕೊಂಡೆವು. ಒಬ್ಬ ಮನುಷ್ಯ ಇನ್ನೊಬ್ಬನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲಷ್ಟೇ ಹುಟ್ಟಬಹುದಾದ ಮಾತು ಅದು ಎಂದು ತಿಳಿಯಲು ನನಗಂತೂ ಅರ್ಧ ಆಯುಷ್ಯ ಬೇಕಾಯಿತು. ಇಂಥವರಿಗೆ ಬದುಕಿನಲ್ಲಿ ಬೇಕಾದದ್ದು ದೊಡ್ಡದೇನಲ್ಲ: ಒಂದು ದಿನ, ಯಾರಾದರೂ, ತಮ್ಮ ಪುಟಗಳನ್ನೂ ಹಾಗೆಯೇ ಬಿಡಿಸಿ ಓದಿ, ಕಿತ್ತುಹೋದ ಸಾಲಿನ ಹತ್ತಿರ ನಿಂತು, ಇಲ್ಲಿ ಏನಿತ್ತು ಎಂದು ಕೇಳಬೇಕು. ಅಕ್ಕ ಬಲ್ಲರು ಇದನ್ನು. ಜನರ ಲೈನು ಕತ್ತರಿಸುವವನೆಂದು ತಮ್ಮನನ್ನು ರೇಗಿಸುತ್ತಿದ್ದವರು, ಕರಡು ಅಚ್ಚಿಗೆ ಹೋಯಿತೆಂದು ತಿಳಿದ ದಿನ ಎಡಗಿವಿಗೆ ಫೋನು ಹಿಡಿದು ಅಂದದ್ದು ಇಷ್ಟೆ: “ಸಮಯ ಇನ್ನೂ ಬಾಕಿ ಇದೆ ಕಣೋ. ಮಾತಾಡು.”